ಡ್ಯಾಶ್‌ಬೋರ್ಡಿನ ಮೇಲೆ ಹನ್ನೆರಡು ಗೂಡು

ನಾನು ನಿವೃತ್ತನಾದಾಗ ನನಗೆ ಮೂವತ್ತೊಂದು ವರ್ಷ. ಶಾಲು ಹೊದಿಸಿದರು, ಹಾರ ಹಾಕಿದರು, ಒಂದು ಚಿಪ್ಪು ಬಾಳೆಹಣ್ಣು ಕೊಟ್ಟರು. ಎಡಗೈ ಜೋಲಿಯಲ್ಲಿ ನೇತಾಡುತ್ತಿದ್ದುದರಿಂದ ಶಾಲು ಒಂದೇ ಭುಜದ ಮೇಲೆ ನಿಂತಿತು. ಫೋಟೋದಲ್ಲಿ ನಾನು ಯುದ್ಧ ಸೋತು ಬಂದ ಸಣ್ಣ ಪಾಳೇಗಾರನ ಹಾಗೆ ಕಾಣುತ್ತೇನೆ. ಮಾಲೀಕರು ಭಾಷಣದಲ್ಲಿ, "ಇವನು ಹೋಗ್ತಿರೋದು ನಮ್ಮ ಸ್ಕೂಲಿಗೆ ತುಂಬಲಾರದ ನಷ್ಟ" ಎಂದು ಶುರುಮಾಡಿ, ಒಂದು ಕ್ಷಣ ಯೋಚಿಸಿ, "ಇದ್ದಿದ್ರೂ ನಷ್ಟಾನೇ ಆಗ್ತಿತ್ತು" ಎಂದು ಮುಗಿಸಿದರು. ಆಮೇಲೆ ಬಾಳೆಹಣ್ಣಿನಲ್ಲಿ ಎರಡನ್ನು ಅವರೇ ತಿಂದರು.

ಒಂಬತ್ತು ವರ್ಷ ನಾನು ಚಿಕ್ಕಬಳ್ಳಾಪುರದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಎಡಗಡೆ ಸೀಟಿನ ಮೇಷ್ಟ್ರಾಗಿದ್ದೆ. ಈಗ ಪ್ರಚಾರದ ಆಟೋಗಳಿಗೆ ದನಿ ಕೊಡುತ್ತೇನೆ. ಚಿಂತಾಮಣಿಯಲ್ಲಿ ಸೀರೆ ಅಂಗಡಿಯ ರಿಯಾಯಿತಿ, ಗೌರಿಬಿದನೂರಿನಲ್ಲಿ ಕಣ್ಣಿನ ಶಿಬಿರ, ಎರಡೂ ನನ್ನ ಗಂಟಲೇ. ಚಿಕ್ಕಂದಿನಿಂದ ನನಗೆ ಬರುವ ವಿದ್ಯೆ ಅದೊಂದೇ. ಯಾರ ದನಿಯನ್ನಾದರೂ ಎರಡು ನಿಮಿಷ ಕೇಳಿದರೆ ಮೂರನೇ ನಿಮಿಷದಲ್ಲಿ ಅವರಿಗೇ ವಾಪಸ್ ಕೊಡುತ್ತಿದ್ದೆ. ಒದೆಯನ್ನೂ ಅಷ್ಟೇ ಬೇಗ ಪಡೆಯುತ್ತಿದ್ದೆ.

ಇದನ್ನು ಬರಿ ಎಂದು ಯಾರೂ ಕೇಳಿಲ್ಲ. ನನ್ನ ಸೀಟಿನಲ್ಲಿ ಈಗ ಯಾರೋ ಹೊಸಬರು ಕೂತಿದ್ದಾರಂತೆ, ಅವರಿಗಾಗಿ ಬರೆಯುತ್ತಿದ್ದೇನೆ. ತಮ್ಮಾ, ಎಡಗಡೆ ಸೀಟೆಂದರೆ ಸ್ಟಿಯರಿಂಗ್ ಇಲ್ಲದ, ಹಾರ್ನ್ ಇಲ್ಲದ, ಒಂದು ಬ್ರೇಕು, ಒಂದು ಕ್ಲಚ್ಚು ಮತ್ತು ಬೇಕಾದಷ್ಟು ಪ್ರಾಣಭಯ ಇರುವ ಜಾಗ. ಗೇರು, ರಿವರ್ಸು, ಪಾರ್ಕಿಂಗು ಎಲ್ಲ ಯಾರು ಬೇಕಾದರೂ ಕಲಿಸುತ್ತಾರೆ. ಮೇಷ್ಟ್ರಿಗೆ ಪರೀಕ್ಷೆ ಬರುವುದು ತಿರುವಿನಲ್ಲಿ. ನನಗೂ ಅಲ್ಲೇ ಬಂತು. ನಾನು ಫೇಲಾದದ್ದೂ ಅಲ್ಲೇ, ಅದೂ ಒಂದು ಹಿಪ್ಪುನೇರಳೆ ತೋಟದ ಒಳಗೆ.

ಮೊದಲು ಮಾಲೀಕರ ವಿಷಯ. ಪಿಳ್ಳಪ್ಪನವರು ನಮ್ಮ ಸ್ಕೂಲು ತೆರೆಯುವ ಮುಂಚೆ ಬಸ್ ಓಡಿಸುತ್ತಿದ್ದರು. ಅವರ ಲೆಕ್ಕದಲ್ಲಿ ಕಾರೆಂದರೆ ಒಗೆದಾಗ ಕುಗ್ಗಿದ ಬಸ್ಸು. ಕಾರಿನಲ್ಲಿ ಕೂತರೂ ಹಿಂದೆ ಐವತ್ತು ಜನ ಇದ್ದಾರೆಂದೇ ನಂಬಿ, ಇಳಿಯುವ ಮುಂಚೆ ಒಮ್ಮೆ ಹಿಂತಿರುಗಿ, "ಇಳೀರಪ್ಪ ಇಳೀರಿ" ಎನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ಅವರ ಟಿಫನ್ ಕ್ಯಾರಿಯರ್ ಒಂದೇ ಇರುತ್ತಿತ್ತು. ಅದು ಇಳಿಯುತ್ತಿರಲಿಲ್ಲ.

ಆದರೆ ತಿರುವಿನ ವಿಷಯದಲ್ಲಿ ಅವರು ಹೇಳಿದ್ದಕ್ಕಿಂತ ಹೆಚ್ಚು ಯಾರೂ ನನಗೆ ಹೇಳಿಕೊಟ್ಟಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿದ್ದರು: "ನೋಡಪ್ಪ, ತಿರುವು ಬರೋಕ್ಕಿಂತ ಮುಂಚೆ ಬ್ರೇಕ್ ಹಾಕೋನು ಡ್ರೈವರು. ತಿರುವಿನೊಳಗೆ ಹೋಗಿ ಹಾಕೋನು ದಡ್ಡ. ಹಾಕ್ದೇ ಹೋಗೋನು ಗೋಡೆ ಮೇಲೆ ಫೋಟೋ." ಅವತ್ತು ಸಂಜೆಯೇ ನಾನು ಆ ಮಾತನ್ನು ಅವರದೇ ದನಿಯಲ್ಲಿ, ಅವರದೇ ಕೆಮ್ಮಿನ ಸಮೇತ, ಟೀ ಅಂಗಡಿಯಲ್ಲಿ ಹೇಳುತ್ತಿದ್ದೆ. ಹಿಂದೆ ಯಾರೋ ಕೆಮ್ಮಿದರು. ನಾನಲ್ಲ.

ಅವರ ದನಿ ನನಗೆ ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ ಅದರಿಂದಲೇ ಕೆಟ್ಟೆ. ಒಂದು ಬೆಳಿಗ್ಗೆ ಏಳಲು ಮನಸ್ಸಾಗಲಿಲ್ಲ. ಆರು ಗಂಟೆಯ ಕ್ಲಾಸು ದಿಬ್ಬೂರಹಳ್ಳಿಯ ನಾಗರತ್ನ ಮಿಸ್ಸಿಗೆ. ಹಾಸಿಗೆಯಲ್ಲೇ ಮಲಗಿ ಅವರಿಗೆ ಫೋನ್ ಮಾಡಿ, ಪಿಳ್ಳಪ್ಪನವರ ದನಿಯಲ್ಲಿ ಹೇಳಿದೆ: "ಮಿಸ್ಸು, ಇವತ್ತು ಗಾಡಿ ಸರ್ವಿಸ್‌ಗೆ ಹೋಗೈತೆ, ನಾಳೆ ಬರ್ರಿ."

ಆ ಕಡೆಯಿಂದ ಮಿಸ್ಸು ತಣ್ಣಗೆ ಕೇಳಿದರು, "ಯಾರು ಮಾತಾಡ್ತಿರೋದು?"

"ನಾನೇ ಪಿಳ್ಳಪ್ಪ."

"ಒಂದ್ನಿಮಿಷ ಇರಿ, ಪಿಳ್ಳಪ್ಪನವರಿಗೇ ಕೊಡ್ತೀನಿ. ನನ್ನ ಮುಂದೇನೇ ಕೂತು ಟೀ ಕುಡೀತಿದಾರೆ."

ಫೋನಿನಲ್ಲಿ ಒಂದು ಕೆಮ್ಮು ಬಂತು. ಅಸಲಿ ಕೆಮ್ಮು. "ಏಮಿರಾ ಇದಿ?" ಎಂದರು ಮಾಲೀಕರು. ಏನೋ ಇದು ಎನ್ನುವುದಕ್ಕೂ ಸಿಟ್ಟು ಬಂದರೆ ಅವರಿಗೆ ತೆಲುಗೇ ಬರುವುದು. "ನಾನು ಅಲ್ಲಿ ಮಲಗಿದೀನಾ, ಇಲ್ಲಿ ಕೂತಿದೀನಾ, ನೀನೇ ಹೇಳ್ಬಿಡು."

ಅದಕ್ಕೆ ಶಿಕ್ಷೆಯಾಗಿ ನನಗೆ ಸಿಕ್ಕವರು ಖಲೀಲ್ ಸಾಹೇಬರು.

ಖಲೀಲ್ ಸಾಹೇಬರು ಶಿಡ್ಲಘಟ್ಟದವರು. ಮನೆಯ ಹಿಂದೆಯೇ ರೇಷ್ಮೆ ನೂಲು ತೆಗೆಯುವ ಸಣ್ಣ ಘಟಕ. ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಹೋಗಿ, ಹರಾಜಿನಲ್ಲಿ ಗೂಡು ಹಿಡಿದು, ಮೂಟೆಗಳನ್ನು ಬೈಕಿಗೆ ಕಟ್ಟಿಕೊಂಡು ಬರುತ್ತಿದ್ದರು. ರೇಷ್ಮೆಗೂಡಿಗೆ ತೂಕವಿಲ್ಲ, ಗಾತ್ರ ಮಾತ್ರ ಬೇಕಾದಷ್ಟು. ಹಿಂದಿನಿಂದ ನೋಡಿದರೆ ಎರಡು ಆನೆಮರಿಗಳ ನಡುವೆ ಒಂದು ಟೋಪಿ ತೇಲಿಕೊಂಡು ಹೋದ ಹಾಗೆ ಕಾಣುತ್ತಿತ್ತಂತೆ. ಆ ಮೂಟೆಗಳೊಂದಿಗೆ ಅವರು ತಿರುವಿನಲ್ಲಿ ಬೈಕನ್ನು ಮಲಗಿಸಿ ಎಬ್ಬಿಸುವುದನ್ನು ನೋಡಲು ಜನ ಅಂಗಡಿಯಿಂದ ಹೊರಗೆ ಬರುತ್ತಿದ್ದರಂತೆ. ಈಗ ಬೆನ್ನುಹುರಿಯ ಹತ್ತಿರ ಒಂದು ಬಿಲ್ಲೆ ಜಾರಿತ್ತು. ಡಾಕ್ಟರು ಬೈಕು ಬಂದ್ ಎಂದಿದ್ದರು.

ಮೊದಲ ದಿನವೇ ಅವರು ನನಗೆ ವಿಷಯ ಬಿಡಿಸಿ ಹೇಳಿದರು. "ಮೇಷ್ಟ್ರೇ, ನನಗೆ ಒಂದೇ ರಸ್ತೆ ಕಲಿಸಿದ್ರೆ ಸಾಕು. ಗೌರಿಬಿದನೂರಿಗೆ ಹೋಗೋ ಕಣಿವೆ ರಸ್ತೆ."

"ಅದ್ಯಾಕೆ ಅದೊಂದೇ?"

"ನನ್ನ ಮಗಳು ತಬಸ್ಸುಮ್ ಅಲ್ಲಿರೋದು. ಈಗ ನಾಲ್ಕು ತಿಂಗಳು. ಏಳಕ್ಕೆ ಬಾಣಂತನಕ್ಕೆ ಕರ್ಕೊಂಡು ಬರಬೇಕು. ಅವಳತ್ತೆ ಮೊನ್ನೆ ತಮಾಷೆ ಮಾಡಿದ್ರು, ನಿಮ್ಮಪ್ಪ ಬೈಕಲ್ಲೇ ಬರ್ತಾರಾ, ಗೂಡಿನ ಮೂಟೆ ಕಟ್ಟೋ ಹಾಗೆ ಕಟ್ಕೊಂಡು ಹೋಗ್ತಾರಾ ಅಂತ. ಇವಳು ಸುಮ್ನಿರಬಾರದಾ? ಅಬ್ಬಾ ಕಾರಲ್ಲಿ ಬರ್ತಾರೆ, ತಾವೇ ಓಡಿಸ್ಕೊಂಡು ಬರ್ತಾರೆ ಅಂದುಬಿಟ್ಟಿದಾಳೆ."

"ಟ್ಯಾಕ್ಸಿ ಸಿಗಲ್ವಾ ಸಾಹೇಬ್ರೇ?"

"ಟ್ಯಾಕ್ಸಿ ಸಿಗತ್ತೆ. ಅವಳು ಕೊಟ್ಟ ಮಾತು ವಾಪಸ್ ಸಿಗತ್ತಾ?" ಎಂದರು. ಆಮೇಲೆ ದನಿ ತಗ್ಗಿಸಿ, "ಇನ್ನೊಂದಿದೆ. ಅವಳಿಗೆ ಕಾರು ಆಗಲ್ಲ. ಮದುವೆ ದಿನ ಹೂವಿನ ಕಾರಲ್ಲಿ ಅದೇ ಕಣಿವೆ ದಾಟುವಾಗ ಮದುಮಗನ ಶೇರ್ವಾನಿ ಮೇಲೇ ವಾಂತಿ ಮಾಡ್ಕೊಂಡ್ಳು. ನನ್ನ ಬೈಕ್ ಹಿಂದೆ ಕೂತು ಇಡೀ ಜಿಲ್ಲೆ ಸುತ್ತಿದಾಳೆ, ಒಂದಿನ ತಲೆ ಸುತ್ತಿಲ್ಲ. ಈಗ ಈ ಸ್ಥಿತೀಲಿ ಅಲ್ಲಾಡಿಸ್ಕೊಂಡು ತರಬಾರದು. ಹೆಂಗೆ ತರೋದು, ಅದು ಕಲಿಸಿ."

ಮೂರು ತಿಂಗಳಿತ್ತು. ಸೆಕೆಂಡ್ ಹ್ಯಾಂಡ್ ಕಾರನ್ನು ಆಗಲೇ ತಂದು ಮನೆ ಮುಂದೆ ನಿಲ್ಲಿಸಿದ್ದರು. ಅದರ ಬಾನೆಟ್ಟಿನ ಮೇಲೆ ಪಕ್ಕದ ಮನೆಯ ಬೆಕ್ಕು ಸಂಸಾರ ಹೂಡಿತ್ತು. ನಾನು ಎದೆ ಉಬ್ಬಿಸಿ, "ಮೂರು ತಿಂಗಳು ಬೇಡ ಸಾಹೇಬ್ರೇ, ಮೂರು ವಾರ ಸಾಕು" ಎಂದೆ. ಆಗ ನನಗೆ ಅವರ ಕಾಯಿಲೆ ಗೊತ್ತಿರಲಿಲ್ಲ. ಬೆನ್ನಿನದಲ್ಲ, ಇನ್ನೊಂದು.

ಕಾರು ನೇರ ಹೋಗುವಷ್ಟು ಹೊತ್ತು ಸಾಹೇಬರು ನವಾಬರ ಹಾಗೆ ಓಡಿಸಿದರು. ಶಿಡ್ಲಘಟ್ಟ ರಸ್ತೆಯಲ್ಲಿ ಮೊದಲ ಎಡ ತಿರುವು ಬಂತು. "ಎಡಕ್ಕೆ ತಿರುಗಿಸಿ" ಎಂದೆ. ಸಾಹೇಬರು ತಿರುಗಿದರು. ಸ್ಟಿಯರಿಂಗ್ ತಿರುಗಲಿಲ್ಲ. ಅವರು ಇಡೀ ಮೈಯನ್ನು ಎಡಕ್ಕೆ ವಾಲಿಸಿದರು, ಅವರ ತಲೆ ನನ್ನ ಭುಜದ ಮೇಲೆ ಬಂದು ಕೂತಿತು. ಕಾರು ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವ ಹಾಗೆ ನೇರ ಹೋಯಿತು. ನಾನು ಬ್ರೇಕ್ ತುಳಿದಾಗ ನಾವು ಒಂದು ಟೀ ಅಂಗಡಿಯ ಬೆಂಚಿನ ಮುಂದೆ ಒಂದು ಗೇಣಿನಲ್ಲಿದ್ದೆವು. ಅಂಗಡಿಯವನು ಸೌಟು ಹಿಡಿದು ನಮ್ಮನ್ನೇ ನೋಡಿ, "ಒಳಗೇ ಕೊಡ್ಲಾ, ಇಳಿದು ಕುಡೀತೀರಾ?" ಎಂದ.

ಇಂಥ ಹೊತ್ತಿಗೆ ನನ್ನದೊಂದು ಖಾಯಂ ಮಾತಿತ್ತು. ಮೂಗನ್ನು ಸ್ವಲ್ಪ ಮೇಲೆತ್ತಿ, ವೈದ್ಯರ ಹಾಗೆ ಹೇಳುತ್ತಿದ್ದೆ: "ಗಾಬರಿ ಬೇಡ. ಉಸಿರು ಬಿಡಿ. ಈಗ ಹೇಳಿ, ಏನು ಮರೆತಿರಿ?"

"ನಾನೇನೂ ಮರೀಲಿಲ್ಲ" ಎಂದರು ಸಾಹೇಬರು. "ನಾನು ಬಗ್ಗಿದೆ. ನಿಮ್ಮ ಕಾರೇ ಬಗ್ಗಲಿಲ್ಲ."

ಇಲ್ಲಿ ಸ್ವಲ್ಪ ವಿದ್ಯೆ ಹೇಳಬೇಕು, ಹೊಸ ಮೇಷ್ಟ್ರೇ, ಕಿವಿಗೊಡಿ. ಬೈಕು ಓಡಿಸುವವರನ್ನು ತಿರುವಿನಲ್ಲಿ ಏನು ಮಾಡ್ತೀರಿ ಎಂದು ಕೇಳಿ. ಹ್ಯಾಂಡಲ್ ತಿರುಗಿಸ್ತೀವಿ ಎನ್ನುತ್ತಾರೆ. ಸುಳ್ಳು. ತಳ್ಳಿಕೊಂಡು ಹೋಗುವಷ್ಟು ನಿಧಾನವಿದ್ದಾಗ ಮಾತ್ರ ಅದು ನಿಜ. ವೇಗ ಬಂದ ಮೇಲೆ ಬೈಕು ತಿರುಗುವುದು ವಾಲಿದರೆ ಮಾತ್ರ. ಬಲಕ್ಕೆ ಹೋಗಬೇಕಾದರೆ ಬಲಕ್ಕೆ ಮಲಗಬೇಕು. ಆ ವೇಗದಲ್ಲಿ ಮಲಗದೆ ಬರಿಯ ಹ್ಯಾಂಡಲನ್ನು ಬಲಕ್ಕೆ ಎಳೆದರೆ ಬೈಕು ಸಿಟ್ಟಾಗಿ ಎಡಕ್ಕೆ ಬೀಳುತ್ತದೆ. ಕಾರಿನ ಜಾತಿಯೇ ಬೇರೆ. ನೀವು ಒಳಗೆ ಶೀರ್ಷಾಸನ ಹಾಕಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಚಕ್ರ ತಿರುಗಿಸಿದಷ್ಟೇ ತಿರುಗುತ್ತದೆ. ಮೇಲಾಗಿ ಕಾರು ತಿರುವಿನಲ್ಲಿ ವಾಲುವುದು ಒಳಗಡೆಗಲ್ಲ, ಹೊರಗಡೆಗೆ. ಬೈಕು ತಿರುವನ್ನು ತಬ್ಬಿಕೊಳ್ಳುತ್ತದೆ, ಕಾರು ತಿರುವಿನಿಂದ ಮುಖ ತಿರುಗಿಸುತ್ತದೆ.

ಇದನ್ನೆಲ್ಲ ಈಗ ಜಾಣನ ಹಾಗೆ ಬರೆಯುತ್ತಿದ್ದೇನೆ. ಅವತ್ತು ನಾನು ಹೇಳಿದ್ದು ಇಷ್ಟೇ: "ಬಗ್ಗಬೇಡಿ." ದಿನಕ್ಕೆ ನೂರು ಸಲ ಹೇಳಿದೆ. ನೂರು ಸಲವೂ ಅವರು ಬಗ್ಗಿದರು. ಎಡ ತಿರುವಿನಲ್ಲಿ ನನ್ನ ಭುಜ, ಬಲ ತಿರುವಿನಲ್ಲಿ ಕಿಟಕಿಯ ಗಾಜು. ಮೂವತ್ತು ವರ್ಷದ ಅಭ್ಯಾಸ ತಲೆಯಲ್ಲಿರುವುದಿಲ್ಲ, ಸೊಂಟದಲ್ಲಿರುತ್ತದೆ. ಸೊಂಟಕ್ಕೆ ಕಿವಿಯಿಲ್ಲ.

ಮೊದಲ ಟೆಸ್ಟಿನಲ್ಲಿ ಎಂಟರ ಆಕಾರದಲ್ಲಿ ಓಡಿಸಬೇಕಿತ್ತು. ಪಕ್ಕದಲ್ಲಿ ಇನ್‌ಸ್ಪೆಕ್ಟರು ಕೂತರು, ದಪ್ಪ ಮೀಸೆ, ಸಣ್ಣ ದನಿ. ನಾನು ಬೇಲಿಯ ಹೊರಗೆ ನಿಂತು ನೋಡುತ್ತಿದ್ದೆ. ಎಂಟರ ಮೊದಲ ಸುತ್ತಿನಲ್ಲೇ ಸಾಹೇಬರ ತಲೆ ಇನ್‌ಸ್ಪೆಕ್ಟರ ಭುಜಕ್ಕೆ ಒರಗಿತು. ದೂರದಿಂದ ನೋಡುವವರಿಗೆ ಬಹಳ ದಿನದ ಮೇಲೆ ಸಿಕ್ಕ ಅಣ್ಣತಮ್ಮಂದಿರ ಹಾಗೆ ಕಂಡಿರಬೇಕು.

"ಏನ್ರೀ, ನಿದ್ದೆ ಬರ್ತಿದೆಯಾ?" ಎಂದು ಕೇಳಿದರಂತೆ ಇನ್‌ಸ್ಪೆಕ್ಟರು.

"ಇಲ್ಲ ಸಾರ್, ತಿರುವು ಬರ್ತಿದೆ" ಎಂದರಂತೆ ಇವರು.

ಫೇಲು.

ಎರಡನೆಯ ಟೆಸ್ಟಿಗೆ ನಾನೊಂದು ಉಪಾಯ ಮಾಡಿದೆ. ನನ್ನ ಜೀವನದಲ್ಲಿ ನಾನು ಮಾಡಿದ ಉಪಾಯಗಳ ಪಟ್ಟಿಯಲ್ಲಿ ಇದು ಅತ್ಯಂತ ಕೆಳಗಿನದು. ಸೀಟ್ ಬೆಲ್ಟು ಸಾಲದೆಂದು ನನ್ನ ಟವೆಲ್ಲಿನಿಂದ ಸಾಹೇಬರ ಎದೆಯನ್ನು ಸೀಟಿಗೆ ಬಿಗಿದು ಕಟ್ಟಿದೆ, ಮೇಲೆ ಅವರ ಕೋಟು ಮುಚ್ಚಿದೆ. ಪಾಪ, ಒಂದಿಂಚು ಬಗ್ಗಲಿಲ್ಲ. ಎಂಟನ್ನು ಸುಮಾರಾಗಿಯೇ ಬರೆದರು, ಮೂರರ ಹಾಗೆ ಕಾಣುತ್ತಿತ್ತು ನಿಜ, ಆದರೂ ಅಂಕಿಯೇ. ಇನ್‌ಸ್ಪೆಕ್ಟರು ಮೆಚ್ಚಿ, "ಸರಿ, ಇಳಿದು ಬನ್ನಿ, ಸಹಿ ಹಾಕಿ" ಎಂದರು. ಸಾಹೇಬರು ಇಳಿಯಲು ನೋಡಿದರು. ಇಳಿಯಲಾಗಲಿಲ್ಲ. ಮತ್ತೆ ನೋಡಿದರು. ಸೀಟೂ ಅವರ ಜೊತೆ ಏಳಲು ಒಪ್ಪಲಿಲ್ಲ. ಇನ್‌ಸ್ಪೆಕ್ಟರು ಕೋಟು ಎತ್ತಿ ನೋಡಿ, ಟವೆಲ್ಲಿನ ಗಂಟು ನೋಡಿ, ಬೇಲಿಯ ಕಡೆ ತಿರುಗಿದರು. ನಾನು ಆ ಹೊತ್ತಿಗೆ ಬೇಲಿಯ ಹತ್ತಿರ ಇರಲಿಲ್ಲ.

ಪಿಳ್ಳಪ್ಪನವರು ನನ್ನನ್ನು ಕರೆಸಿದರು. "ಜನಕ್ಕೆ ಗಾಡಿ ಓಡ್ಸೋದು ಕಲಿಸು ಅಂದ್ರೆ ಕಟ್ಟಾಕಿ ಕಳಿಸ್ತೀಯಾ? ಸಂತೆಗೆ ಕಳಿಸ್ತಿದೀಯಾ?" ಎಂದರು. ಆಮೇಲೆ, "ಆ ಹುಡುಗೀನ ಕರ್ಕೊಂಡು ಬರೋಕೆ ಎಷ್ಟು ದಿನ ಐತೆ?" ಎಂದು ಕೇಳಿದರು. ಮೂರು ವಾರ ಎಂದೆ. ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಅವತ್ತು ಸಾಹೇಬರನ್ನು ಬಿಡಲು ಶಿಡ್ಲಘಟ್ಟಕ್ಕೆ ಹೋದೆ. ಅವರ ಹೆಂಡತಿ ಮೆಹರ್‌ಬೀ ಶಾವಿಗೆ ಪಾಯಸ ಕೊಟ್ಟರು. ಫೇಲಾದವರಿಗೂ ಪಾಯಸ ಕೊಡುವ ಮನೆ. ಅದನ್ನು ಕೊಡುತ್ತಲೇ ಗಂಡನ ಮೇಲೆ ದೂರು ಶುರುವಾಯಿತು.

"ಮೊನ್ನೆ ಮನೆ ಹತ್ತಿರದ ಮೈದಾನದಲ್ಲಿ ನನ್ನೂ ಕೂರಿಸ್ಕೊಂಡು ಒಂದು ಸುತ್ತು ಹೋದ್ರು. ಮಡಿಲಲ್ಲಿ ಪಾಯಸದ ಡಬ್ಬಿ. ಒಂದೇ ತಿರುವಿಗೆ ಅರ್ಧ ನನ್ನ ಸೀರೆ ಮೇಲೆ. ಮೂವತ್ತು ವರ್ಷ ಬೈಕ್ ಹಿಂದೆ ಕೂತು ಇದೇ ಡಬ್ಬಿ ಹಿಡ್ಕೊಂಡು ನೆಂಟರ ಮನೆಗೆಲ್ಲ ಹೋಗಿದೀನಿ ಮೇಷ್ಟ್ರೇ. ಇವರು ಹಕ್ಕಿ ಥರ ತಿರುಗಿಸ್ತಿದ್ರು. ಒಂದು ತೊಟ್ಟು ಚೆಲ್ಲಿಲ್ಲ. ಈ ಕಾರೇ ಸರಿಯಿಲ್ಲ."

ನನ್ನ ಚಮಚ ಬಾಯಿಯ ಹತ್ತಿರ ನಿಂತಿತು. ಒಂಬತ್ತು ವರ್ಷ ಮೇಷ್ಟ್ರಾಗಿ ನನಗೆ ಹೊಳೆಯದಿದ್ದುದನ್ನು ಒಂದು ಡಬ್ಬಿ ಪಾಯಸ ಹೇಳುತ್ತಿತ್ತು. ಬೈಕು ವಾಲಿದಾಗ ಸವಾರ ವಾಲುತ್ತಾನೆ, ಹಿಂದೆ ಕೂತವರು ವಾಲುತ್ತಾರೆ, ಮಡಿಲಿನ ಡಬ್ಬಿಯೂ ವಾಲುತ್ತದೆ. ಹೊರಗೆ ಎಳೆಯುವ ಸೆಳೆತವೆಲ್ಲ ಡಬ್ಬಿಯ ತಳಕ್ಕೇ ಇಳಿಯುತ್ತದೆ, ಪಾಯಸಕ್ಕೆ ತಿರುವು ಬಂದದ್ದೇ ಗೊತ್ತಾಗುವುದಿಲ್ಲ. ಕಾರು ನೆಟ್ಟಗೆ ಇರುತ್ತದೆ, ಡಬ್ಬಿಯೂ ನೆಟ್ಟಗೆ, ಆದ್ದರಿಂದ ಪಾಯಸ ಪಕ್ಕಕ್ಕೆ ಓಡುತ್ತದೆ. ತಬಸ್ಸುಮ್‌ಗೆ ಬೈಕಿನಲ್ಲಿ ಆಗದ ವಾಂತಿ ಕಾರಿನಲ್ಲಿ ಆಗುತ್ತಿದ್ದುದೂ ಅದಕ್ಕೇ. ಸಾಹೇಬರು ಕಾರಿನೊಳಗೆ ಬಗ್ಗುತ್ತಿದ್ದುದೂ ಅದಕ್ಕೇ. ಅವರು ತಪ್ಪು ಮಾಡುತ್ತಿರಲಿಲ್ಲ. ಬೈಕು ಮಾಡುತ್ತಿದ್ದ ಕೆಲಸವನ್ನು, ಕಾರು ಮಾಡದೆ ಬಿಟ್ಟ ಕೆಲಸವನ್ನು, ಪಾಪ ಒಬ್ಬರೇ ಮಾಡಲು ನೋಡುತ್ತಿದ್ದರು.

"ಸಾಹೇಬ್ರೇ" ಎಂದೆ, "ಕಾರಲ್ಲಿ ಬಗ್ಗೋಕೆ ಆಗಲ್ಲ. ಅದರ ಬದಲು ಒಂದೇ ದಾರಿ. ನಿಧಾನ. ತಿರುವಿಗೆ ಮುಂಚೆನೇ ನಿಧಾನ."

"ಎಷ್ಟು ನಿಧಾನ?"

ಮೀಟರಿನ ಮುಳ್ಳು ತೋರಿಸಿ ಪ್ರಯೋಜನವಿಲ್ಲ, ಅವರು ಜೀವನದಲ್ಲಿ ಮೀಟರು ನೋಡಿದವರಲ್ಲ, ಅವರ ಬೈಕಿಗೆ ಮೀಟರೇ ಇರಲಿಲ್ಲ. ಸುತ್ತ ನೋಡಿದೆ. ಮೂಲೆಯಲ್ಲಿ ಬುಟ್ಟಿ ತುಂಬ ರೇಷ್ಮೆಗೂಡು, ಹಳದಿ ಬಣ್ಣದವು, ಅವತ್ತಿನ ಹರಾಜಿನವು. ಅಂಚು ಗಿಡ್ಡವಿದ್ದ ಒಂದು ಸ್ಟೀಲ್ ತಟ್ಟೆ ತೆಗೆದುಕೊಂಡು ಅದರಲ್ಲಿ ಹನ್ನೆರಡು ಗೂಡು ಇಟ್ಟೆ. ಹೊರಗೆ ಹೋಗಿ, ಬೆಕ್ಕನ್ನು ಎಬ್ಬಿಸಿ, ಅವರ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ತಟ್ಟೆಯನ್ನು ಅಂಟಿಸಿದೆ.

"ಇದು ಉರುಳಿದ್ರೆ ಜಾಸ್ತಿ. ಉರುಳದಿದ್ರೆ ಸರಿ. ಅಷ್ಟೇ ನಿಧಾನ."

ಸಾಹೇಬರು ಗೂಡುಗಳನ್ನು ನೋಡಿದರು. ಅವರ ಮುಖವೇ ಬದಲಾಯಿತು. ಮೂವತ್ತು ವರ್ಷ ಗೂಡಿಗೆ ಪೆಟ್ಟಾಗದ ಹಾಗೆ ತಂದವರು ಅವರು. ನನ್ನ ಮಾತು ಕೇಳದ ಸೊಂಟ ಗೂಡಿನ ಮಾತು ಕೇಳಿತು. ಬಗ್ಗಿದರೆ ಗೂಡು ಕಣ್ಣಿಗೆ ಓರೆಯಾಗಿ ಕಾಣುತ್ತದಲ್ಲ, ಅದಕ್ಕೆ ನೆಟ್ಟಗೆ ಕೂತರು. ಮೊದಲ ದಿನ ಹನ್ನೆರಡೂ ನನ್ನ ಮಡಿಲಿಗೆ ಬಂದವು. ಮೂರನೆಯ ದಿನ ಐದು. ಒಂದು ವಾರದ ಹೊತ್ತಿಗೆ ಗೂಡುಗಳು ತಿರುವಿನಲ್ಲಿ ಬರೀ ಮೈ ನಡುಗಿಸಿ ಸುಮ್ಮನಾಗುತ್ತಿದ್ದವು. ನಾನೂ ಪಕ್ಕದಲ್ಲಿ ಕಲ್ಲಿನ ಹಾಗೆ ಕೂತು, "ನನ್ನ ಥರ ಇರಿ, ಕಂಬದ ಥರ" ಎಂದು ಕಲಿಸುತ್ತಿದ್ದೆ. ಈ ಕಂಬದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನಡುವೆ ಒಂದು ಬೆಳಿಗ್ಗೆ ತಟ್ಟೆಯಲ್ಲಿ ಒಂದು ಗೂಡು ತೂತಾಗಿತ್ತು. ಗೂಡುಗಳನ್ನು ಬದಲಾಯಿಸುವುದನ್ನು ಮರೆತಿದ್ದೆವು, ಚಿಟ್ಟೆ ಹೊರಗೆ ಬಂದು ಸ್ಟಿಯರಿಂಗಿನ ಮೇಲೆ ಕೂತಿತ್ತು. "ನಿಮ್ಮ ಸ್ಟೂಡೆಂಟು, ನನಗಿಂತ ಮುಂಚೆ ಪಾಸಾಯ್ತು" ಎಂದರು ಸಾಹೇಬರು.

ಮೂರನೆಯ ಟೆಸ್ಟು. ಅದೇ ಮೀಸೆ, ಅದೇ ಸಣ್ಣ ದನಿ. ಇನ್‌ಸ್ಪೆಕ್ಟರು ಮೊದಲು ಸಾಹೇಬರ ಕೋಟು ಎತ್ತಿ ನೋಡಿದರು. ಆಮೇಲೆ ಬೇಲಿಯ ಹತ್ತಿರ ನನ್ನನ್ನು ನೋಡಿದರು. ಆಮೇಲೆ ತಟ್ಟೆ.

"ಏನಿದು?"

"ಗೂಡು ಸಾರ್."

"ಒಳಗೆ ಹುಳ ಇದೆಯಾ?"

"ಇದೆ ಸಾರ್. ಮಲಗಿದೆ."

ಇನ್‌ಸ್ಪೆಕ್ಟರು ಮೀಸೆ ಸವರಿಕೊಂಡರು. "ಸರಿ. ಎಬ್ಬಿಸದೆ ಓಡಿಸಿ."

ಸಾಹೇಬರು ಎಂಟನ್ನು ಬರೆದರು, ಈ ಸಲ ಎಂಟರ ಹಾಗೇ ಇತ್ತು. ಒಂದು ಗೂಡೂ ಅಲುಗಲಿಲ್ಲ. ಇಳಿದು, ನಡೆದುಕೊಂಡೇ ಬಂದು ಸಹಿ ಹಾಕಿದರು. ನಾನು ಬೇಲಿಯ ಹೊರಗೆ ನಿಂತು ಬಸ್ಸಿನ ಹಾರ್ನು, ರೈಲಿನ ಹಾರ್ನು, ಪಿಳ್ಳಪ್ಪನವರ ಕೆಮ್ಮು ಮೂರನ್ನೂ ಒಟ್ಟಿಗೆ ಮಾಡಿದೆ.

ಮುಂದಿನ ವಾರವೇ ಗೌರಿಬಿದನೂರಿಗೆ ಹೊರಟೆವು. ಸಾಹೇಬರು ಒಂದು ಷರತ್ತು ಹಾಕಿದ್ದರು: ಮೇಷ್ಟ್ರು ಕಾರಲ್ಲಿ ಇರಬಾರದು. "ನೀವು ಪಕ್ಕ ಕೂತ್ರೆ ತಬಸ್ಸುಮ್ ಅತ್ತೆ ಏನಂತಾರೆ? ಓಡಿಸಿದ್ದು ಇವರಲ್ಲ, ಆ ಹುಡುಗ ಅಂತಾರೆ." ಆದರೆ ನಾನು ಹತ್ತಿರ ಇರಲೂ ಬೇಕು. ಹಾಗಾಗಿ ಅವರ ಹಳೆಯ ಬೈಕನ್ನು ನನಗೆ ಕೊಟ್ಟರು. ನಾನು ತಡಮಾಡದೆ ಹತ್ತಿದೆ. ಕಾಲೇಜಿನ ದಿನಗಳಲ್ಲಿ ನಾನು ತಿರುವಿನಲ್ಲಿ ಮೊಣಕಾಲು ನೆಲಕ್ಕೆ ತಾಗಿಸುತ್ತಿದ್ದೆ ಎಂದು ಅವರಿಗೆ ಹಲವು ಸಲ ಹೇಳಿದ್ದೆ. ಮೊಣಕಾಲು ನೆಲಕ್ಕೆ ತಾಗಿದ್ದು ನಿಜ. ಅದರ ಜೊತೆ ಬೇರೆ ಭಾಗಗಳೂ ತಾಗಿದ್ದವು, ಅದನ್ನು ಹೇಳಿರಲಿಲ್ಲ. ಸ್ಕೂಲಿನ ಕಾರು ಮನೆಗೇ ಬರುತ್ತಿದ್ದುದರಿಂದ ಒಂಬತ್ತು ವರ್ಷ ಬೈಕು ಮುಟ್ಟಿರಲಿಲ್ಲ, ಅದನ್ನೂ ಹೇಳಲಿಲ್ಲ.

ಹೋಗುವಾಗ ಏನೂ ತೊಂದರೆಯಾಗಲಿಲ್ಲ. ಸಾಹೇಬರು ಎಷ್ಟು ನಿಧಾನ ಹೋದರೆಂದರೆ ಹಿಂದೆ ನಾನು ಬೈಕಿನಲ್ಲಿ ಆಗಾಗ ಕಾಲು ಊರಬೇಕಾಯಿತು. ಆ ವೇಗಕ್ಕೆ ಹ್ಯಾಂಡಲ್ ತಿರುಗಿಸಿದರೆ ಸಾಕು, ವಾಲುವ ಮಾತೇ ಬರಲಿಲ್ಲ.

ಬೀಗಿತಿ ಬಾಗಿಲಲ್ಲೇ ನಿಂತಿದ್ದರು. ಕಾರು ನೋಡಿದರು, ಸ್ಟಿಯರಿಂಗಿನ ಹಿಂದೆ ಸಾಹೇಬರನ್ನು ನೋಡಿದರು, ಹಿಂದಿನ ಸೀಟಿನಲ್ಲಿ ಬೇರೆ ಡ್ರೈವರು ಅಡಗಿದ್ದಾನೆಯೇ ಎಂದು ಬಗ್ಗಿ ನೋಡಿದರು. ಮೆಹರ್‌ಬೀ ಒಬ್ಬರೇ ಇದ್ದರು. "ಒಳಗೆ ಬನ್ನಿ" ಎಂದರು ಕೊನೆಗೆ. ತಬಸ್ಸುಮ್ ಅತ್ತೆಯ ಬೆನ್ನ ಹಿಂದಿನಿಂದ ಅಪ್ಪನಿಗೆ ಕಣ್ಣು ಮಿಟುಕಿಸಿದಳು.

ಹೊರಡುವಾಗ ಅವಳ ಮುಖ ಚಿಕ್ಕದಾಯಿತು. ಸೀಟಿನಲ್ಲಿ ಕೂತು, ಸೆರಗಿನ ತುದಿಯಲ್ಲಿ ನಿಂಬೆಹಣ್ಣು ಕಟ್ಟಿಕೊಂಡು ಮೂಸುತ್ತ, "ಅಬ್ಬಾ, ಕಣಿವೆ ಬಂದ್ರೆ ಮುಂಚೆನೇ ಹೇಳು. ಕಣ್ಣು ಮುಚ್ಕೋತೀನಿ" ಎಂದಳು.

"ಹೇಳ್ತೀನಮ್ಮ."

"ಮುಂದೆ ಬೈಕಲ್ಲಿರೋರು ಯಾರು?"

"ನಮ್ಮ ಮೇಷ್ಟ್ರು. ತಿರುವು ಅಂದ್ರೆ ಅವರೇ."

ಈ ಮಾತು ನನ್ನ ಕಿವಿಗೆ ಬಿತ್ತು. ಬೀಳಬಾರದಿತ್ತು. ಹೆಲ್ಮೆಟ್ಟಿನೊಳಗೆ ನನ್ನ ತಲೆ ಉಬ್ಬಿ ಹೆಲ್ಮೆಟ್ಟು ಬಿಗಿಯಾಯಿತು. ಊರು ದಾಟಿದ ಮೇಲೆ ನಾನು ಮುಂದೆ ಮುಂದೆ ಹೋಗತೊಡಗಿದೆ. ಕಣಿವೆಯ ಮೊದಲ ಬಲ ತಿರುವು ಬಂತು. ಕನ್ನಡಿಯಲ್ಲಿ ಕಾರು ಕಾಣುತ್ತಿತ್ತು. ಸರಿ, ತೋರಿಸಿಬಿಡೋಣ ಎಂದು ವೇಗ ಏರಿಸಿದೆ.

ತಮ್ಮಾ, ಆಗ ನಡೆದದ್ದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಡೆದದ್ದು ಬಹಳ ಬೇಗ. ತಿರುವು ಬಂತು. ನನ್ನ ಮೈ, ತಿಂಗಳುಗಟ್ಟಲೆ ಕಲಿಸಿದ್ದನ್ನು ತಪ್ಪದೆ ಪಾಲಿಸಿ, ಕಂಬದ ಹಾಗೆ ನೆಟ್ಟಗೆ ಕೂತಿತು. ನನ್ನ ಕೈಗಳು ಹ್ಯಾಂಡಲನ್ನು ಸ್ಟಿಯರಿಂಗಿನ ಹಾಗೆ ಬಲಕ್ಕೆ ಎಳೆದವು. ಬೈಕು ಎಡಕ್ಕೆ ಬಿತ್ತು. ರಸ್ತೆ ಬಲಕ್ಕೆ ಹೋಯಿತು. ನಾನು ಎರಡರ ಜೊತೆಗೂ ಹೋಗದೆ ನೇರವಾಗಿ ಹಿಪ್ಪುನೇರಳೆ ತೋಟಕ್ಕೆ ಹೋದೆ.

ಸೊಪ್ಪು ಕೊಯ್ಯುತ್ತಿದ್ದ ಹೆಂಗಸೊಬ್ಬರು ಸೊಂಟ ನೆಟ್ಟಗೆ ಮಾಡಿಕೊಂಡು ನನ್ನನ್ನು ನೋಡಿದರು. "ಏನ್ ಸಾಮಿ, ಸೊಪ್ಪು ಬೇಕಿದ್ರೆ ಕೇಳಿದ್ರೆ ಕೊಡ್ತಿರ್ಲಿಲ್ವಾ?"

ನಾನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಕತ್ತಿನ ಕೆಳಗಿಂದ ಎಡಭುಜಕ್ಕೆ ಹೋಗುವ ಎಲುಬು ಲಟಕ್ಕೆಂದಿತ್ತು. ನೀವು ಎಷ್ಟೇ ಮಿಮಿಕ್ರಿ ಮಾಡಿ, ಆ ಶಬ್ದ ಮಾಡಲಾಗುವುದಿಲ್ಲ.

ಮೇಲೆ ರಸ್ತೆಯಲ್ಲಿ ಕಾರು ಬರುವುದು ಕಂಡಿತು. ಕಿರ್ರ್ ಎಂದು ನಿಲ್ಲುತ್ತದೆಂದು ನಾನು ಕಾದೆ. ಅದು ಹಾಗೆ ನಿಲ್ಲಲಿಲ್ಲ. ಇಂಡಿಕೇಟರ್ ಮಿನುಗಿತು. ಕಾರು ತುಪ್ಪ ಕರಗಿದ ಹಾಗೆ ವೇಗ ಇಳಿಸಿಕೊಂಡು ಅಂಚಿಗೆ ಬಂದು ನಿಂತಿತು. ಕನ್ನಡಿ ನೋಡಿದರು, ಹ್ಯಾಂಡ್‌ಬ್ರೇಕು ಎಳೆದರು, ನಾನು ಕಲಿಸಿದ ಕ್ರಮದಲ್ಲೇ ಬಾಗಿಲು ತೆರೆದರು. ಅದನ್ನು ಸದ್ದಾಗದ ಹಾಗೆ ಮುಚ್ಚಿದರು. ಬೆನ್ನು ಹಿಡಿದುಕೊಂಡು ತೋಟದ ಅಂಚಿಗೆ ಬಂದು ನಿಂತರು. ನನ್ನ ಕೈಕಾಲು ಎಣಿಸಿ, ಎಲ್ಲ ಇವೆ ಎಂದು ಖಾತ್ರಿಮಾಡಿಕೊಂಡ ಮೇಲೆ ಅವರ ಮೂಗು ಸ್ವಲ್ಪ ಮೇಲೆದ್ದಿತು. ನನ್ನದೇ ದನಿಯಲ್ಲಿ, ನನ್ನದೇ ವೈದ್ಯರ ಗತ್ತಿನಲ್ಲಿ, ಪಿಸುಗುಟ್ಟಿದರು:

"ಗಾಬರಿ ಬೇಡ. ಉಸಿರು ಬಿಡಿ. ಈಗ ಹೇಳಿ, ಏನು ಮರೆತಿರಿ?"

ಒಂಬತ್ತು ವರ್ಷದಲ್ಲಿ ಇಡೀ ಜಿಲ್ಲೆಯನ್ನು ಅನುಕರಿಸಿದ್ದೆ. ನನ್ನನ್ನು ಯಾರೂ ಮಾಡಿರಲಿಲ್ಲ. ಕೇಳಿದರೆ ಕಪಾಳಕ್ಕೆ ಹೊಡೆಯಬೇಕೆನಿಸುವ ದನಿ ಅದು. ಜನ ನನ್ನನ್ನು ಹೇಗೆ ಸಹಿಸಿದರೋ.

"ಬಗ್ಗೋದು ಮರೆತೆ ಸಾಹೇಬ್ರೇ" ಎಂದು ಅರಚಿದೆ.

"ಮೆತ್ತಗೆ, ಮೆತ್ತಗೆ. ಮಗಳು ಮಲಗಿದಾಳೆ."

ಬೈಕನ್ನು ಆ ತಾಯಿಯ ತೋಟದಲ್ಲೇ ಬಿಟ್ಟು ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಸ್ಟಿಯರಿಂಗ್ ಇಲ್ಲದ, ಹಾರ್ನ್ ಇಲ್ಲದ ಅದೇ ಎಡಗಡೆ ಸೀಟು. ಇದು ಅವರ ಕಾರು, ಬ್ರೇಕೂ ಇರಲಿಲ್ಲ. ಹಿಂದೆ ತಬಸ್ಸುಮ್ ಅಮ್ಮನ ಭುಜಕ್ಕೆ ಒರಗಿ, ನಿಂಬೆ ಹಿಡಿದ ಕೈ ಹೊಟ್ಟೆಯ ಮೇಲಿಟ್ಟು, ಗೊರಕೆಯ ಅಂಚಿನಲ್ಲಿದ್ದಳು. ಮುಂದೆ ತಟ್ಟೆಯಲ್ಲಿ ಹನ್ನೆರಡು ಗೂಡು.

ಉಳಿದ ತಿರುವುಗಳೆಲ್ಲ ಬಾಕಿಯಿದ್ದವು. ಮುರಿದ ಎಲುಬಿಗಿಂತ ಕಟ್ಟುನಿಟ್ಟಿನ ಇನ್‌ಸ್ಪೆಕ್ಟರ್ ಇನ್ನೊಬ್ಬರಿಲ್ಲ. ಸ್ವಲ್ಪ ಹೆಚ್ಚುಕಡಿಮೆಯಾದರೂ ಅದು ಕಿರುಚುತ್ತದೆ. ಹಲ್ಲು ಕಚ್ಚಿ ಕಾದೆ. ಎಡ ತಿರುವು ಬಂತು. ಸಾಹೇಬರು ಮುಂಚೆಯೇ ನಿಧಾನ ಮಾಡಿ, ಕಣ್ಣನ್ನು ತಿರುವಿನ ಕೊನೆಯಲ್ಲಿಟ್ಟು, ಹಾಗೇ ದಾಟಿಸಿದರು. ಎಲುಬು ಸುಮ್ಮನಿತ್ತು. ಬಲ ತಿರುವು. ಸುಮ್ಮನಿತ್ತು. ಮತ್ತೊಂದು, ಇನ್ನೊಂದು. ಹಿಂದೆ ಒಂದು ಬಸ್ಸು, ಎರಡು ಟೆಂಪೋ, ಒಂದು ಟ್ರ್ಯಾಕ್ಟರು ಸಾಲುಗಟ್ಟಿ ಹಾರ್ನು ಹೊಡೆಯುತ್ತಿದ್ದವು. ಬಸ್ಸಿಗೆ ಬಸ್ಸಿನ ಭಾಷೆಯಲ್ಲೇ ಉತ್ತರ ಕೊಡೋಣವೆಂದು ನಾನು ಬಾಯಿ ತೆರೆದೆ. ಸಾಹೇಬರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು, "ಶ್. ಎಬ್ಬಿಸಬೇಡಿ."

ಚಿಕ್ಕಬಳ್ಳಾಪುರದ ಆಸ್ಪತ್ರೆಯ ಮುಂದೆ ನನ್ನನ್ನು ಇಳಿಸಲು ಕಾರು ನಿಂತಿತು. ನಿಂತದ್ದಕ್ಕೆ ತಬಸ್ಸುಮ್‌ಗೆ ಎಚ್ಚರವಾಯಿತು. ಕಣ್ಣುಜ್ಜಿಕೊಂಡು ಎದ್ದು ಕೂತು, ಗಾಬರಿಯಲ್ಲಿ ನಿಂಬೆಹಣ್ಣನ್ನು ಮೂಗಿಗೆ ಒತ್ತಿಕೊಂಡು ಕೇಳಿದಳು:

"ಅಬ್ಬಾ, ಕಣಿವೆ ಬಂತಾ?"